ಆಫ್ರಿಕಾದ ಶಾಲೆಗಳಲ್ಲಿ ತಂತ್ರಜ್ಞಾನದ ಸಂಶೋಧನೆ: ಪಾಲುದಾರಿಕೆಯನ್ನು ಯೋಜಿಸುವ ಬಗೆ

ಅನುದಾನದ ಪ್ರಕಟಣೆ ಬರುತ್ತದೆ, ಅರ್ಜಿ ಹಾಕಲು ಎಂಟು ವಾರ. ಏಳು ವಾರ ಹೊರದೇಶದ ತಂಡದವರೇ ಕೂತು ಪ್ರಶ್ನೆ, ವಿಧಾನ, ಬಜೆಟ್ ಎಲ್ಲ ಬರೆದು ಮುಗಿಸುತ್ತಾರೆ. ಎಂಟನೆಯ ವಾರ ನೈರೋಬಿಯದೋ ಕಂಪಾಲದ್ದೋ ಒಂದು ವಿಶ್ವವಿದ್ಯಾಲಯಕ್ಕೆ ಇಮೇಲ್ ಹೋಗುತ್ತದೆ: ಬೆಂಬಲ ಪತ್ರಕ್ಕೆ ಸಹಿ ಮಾಡಿ ಕಳಿಸಿ. ಮದುವೆ ಮುಗಿದ ಮೇಲೆ ಜಾತಕ ಕೇಳಿದ ಹಾಗೆ. ಸಹಿ ಸಿಗುತ್ತದೆ, ಕೆಲವೊಮ್ಮೆ ಅನುದಾನವೂ ಸಿಗುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಶಾಲೆಗೆ ಹೋಗಲು ಅನುಮತಿ ಇಲ್ಲ, ಪರೀಕ್ಷೆಯ ತಿಂಗಳಲ್ಲಿ ಸಮೀಕ್ಷೆ ಬಿದ್ದಿದೆ, ಪಾಲುದಾರ ಪ್ರಾಧ್ಯಾಪಕರ ಸಮಯಕ್ಕೆ ಬಜೆಟ್ಟಿನಲ್ಲಿ ಒಂದು ಸಾಲೂ ಇಲ್ಲ.

ಇದನ್ನು ತಪ್ಪಿಸಲು ಕ್ರಮವನ್ನೇ ತಿರುಗಿಸಬೇಕು. ಮೊದಲು ಪಾಲುದಾರರು, ಆಮೇಲೆ ಪ್ರಶ್ನೆ, ಅದರ ನಂತರ ಕ್ಯಾಲೆಂಡರ್, ಕೊನೆಗೆ ಬಜೆಟ್ಟು ಮತ್ತು ಒಪ್ಪಂದ. ಅನುದಾನದ ಪ್ರಕಟಣೆಗೆ ಕಾಯದೆ, ಅದಕ್ಕೂ ಆರು ತಿಂಗಳು ಮೊದಲೇ ಮಾತುಕತೆ ಶುರು ಮಾಡುವವರಿಗೆ ಮಾತ್ರ ಇದು ಸಾಧ್ಯ.

ಯಾರು ಯಾರು ಬೇಕು

ಒಂದು ವಿಶ್ವವಿದ್ಯಾಲಯ ಇದ್ದರೆ ಸಾಕು ಎಂಬುದು ಮೊದಲ ತಪ್ಪು ಲೆಕ್ಕ. ನಾಲ್ಕು ಕಡೆಯವರು ಬೇಕು: ಸ್ಥಳೀಯ ಸಂಶೋಧಕರು, ಶಾಲೆಗಳನ್ನು ನಡೆಸುವ ಸರ್ಕಾರಿ ಅಂಗ, ತಂತ್ರಜ್ಞಾನವನ್ನು ಶಾಲೆಗೆ ತಲುಪಿಸುವ ಸಂಸ್ಥೆ ಅಥವಾ ಕಂಪನಿ, ಮತ್ತು ಶಿಕ್ಷಕರು. ಮೊದಲನೆಯವರು ಸಿಕ್ಕೇ ಸಿಗುತ್ತಾರೆ. ಎಡವುವುದು ಎರಡನೆಯದರಲ್ಲಿ, ಏಕೆಂದರೆ 'ಶಿಕ್ಷಣ ಸಚಿವಾಲಯ' ಎಂಬ ಹೆಸರು ಬಹುತೇಕ ದೇಶಗಳಲ್ಲಿ ಇದ್ದರೂ ಶಾಲೆಯ ಬೀಗದಕೈ ಅದರ ಹತ್ತಿರವೇ ಇರುತ್ತದೆ ಎಂದೇನಿಲ್ಲ.

ಕೀನ್ಯಾವನ್ನು ನೋಡಿ. ಅಲ್ಲಿ ನೀತಿ ಸಚಿವಾಲಯದ್ದು. ಆದರೆ ಸರ್ಕಾರಿ ಶಾಲೆಯ ಶಿಕ್ಷಕರ ನೇಮಕ, ವರ್ಗಾವಣೆ, ಶಿಸ್ತು ಎಲ್ಲ ಶಿಕ್ಷಕರ ಸೇವಾ ಆಯೋಗದ್ದು, ಅಂದರೆ ಟಿಎಸ್‌ಸಿಯದ್ದು. ಪಠ್ಯಕ್ರಮ ಮತ್ತು ಡಿಜಿಟಲ್ ಪಾಠಗಳ ಮಂಜೂರಾತಿ ಕೆಐಸಿಡಿ ಎಂಬ ಪಠ್ಯಕ್ರಮ ಅಭಿವೃದ್ಧಿ ಸಂಸ್ಥೆಯದ್ದು. ಶಿಕ್ಷಕರಿಗೆ ತರಬೇತಿ ಕೊಡುವ ಸಂಶೋಧನೆಯಾದರೆ ಟಿಎಸ್‌ಸಿಯನ್ನು ಬಿಟ್ಟು ಮುಂದೆ ಹೋಗಲಾಗದು. ಆ್ಯಪ್‌ನಲ್ಲಿರುವ ಪಾಠಗಳನ್ನು ತರಗತಿಯೊಳಗೆ ಬಳಸುವುದಾದರೆ ಕೆಐಸಿಡಿಯ ಜೊತೆ ಮೊದಲೇ ಮಾತಾಡಬೇಕು. ಟಾಂಜಾನಿಯಾದಲ್ಲಿ ಶಿಕ್ಷಣ ಸಚಿವಾಲಯ ನೀತಿ ಮಾಡುತ್ತದೆ. ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳನ್ನು ನಡೆಸುವುದು ಅಧ್ಯಕ್ಷರ ಕಚೇರಿಯಡಿಯ ಪ್ರಾದೇಶಿಕ ಆಡಳಿತ ಮತ್ತು ಸ್ಥಳೀಯ ಸರ್ಕಾರಗಳ ವಿಭಾಗ. ನೈಜೀರಿಯಾದಲ್ಲಿ ಮೂಲ ಶಿಕ್ಷಣದ ಆಡಳಿತ ರಾಜ್ಯಗಳ ಕೈಯಲ್ಲಿದೆ, ರಾಜ್ಯದ ಸಾರ್ವತ್ರಿಕ ಮೂಲ ಶಿಕ್ಷಣ ಮಂಡಳಿ ಒಪ್ಪದೆ ರಾಜಧಾನಿ ಅಬುಜಾದ ಪತ್ರದಿಂದ ಶಾಲೆಯ ಬಾಗಿಲು ತೆರೆಯದು. ದಕ್ಷಿಣ ಆಫ್ರಿಕಾದಲ್ಲಿ ಪ್ರಾಂತೀಯ ಶಿಕ್ಷಣ ಇಲಾಖೆ, ಇಥಿಯೋಪಿಯಾದಲ್ಲಿ ಪ್ರಾದೇಶಿಕ ಶಿಕ್ಷಣ ಕಚೇರಿ. ಪಾಲುದಾರರ ಪಟ್ಟಿ ಬರೆಯುವ ಮೊದಲು ಈ ಒಂದು ಪ್ರಶ್ನೆಯನ್ನು ಅಲ್ಲಿನವರನ್ನೇ ಕೇಳಿ: ಮುಖ್ಯೋಪಾಧ್ಯಾಯರು ಯಾರ ಪತ್ರ ನೋಡಿದರೆ ನಮ್ಮನ್ನು ಒಳಗೆ ಬಿಡುತ್ತಾರೆ? ಉತ್ತರದಲ್ಲಿ ಬಂದ ಕಚೇರಿ ನಿಮ್ಮ ಎರಡನೆಯ ಪಾಲುದಾರ.

ಕಂಪನಿಯ ವಿಷಯದಲ್ಲಿ ಎಚ್ಚರ ಬೇರೆ ಬಗೆಯದು. ಅದಕ್ಕೆ ಬೇಕಿರುವುದು 'ನಮ್ಮ ಆ್ಯಪ್ ಕೆಲಸ ಮಾಡುತ್ತದೆ' ಎಂಬ ಒಂದು ಸಾಲು. ಅದರಲ್ಲಿ ತಪ್ಪೇನಿಲ್ಲ, ಆದರೆ ಫಲಿತಾಂಶ ಹಾಗೆ ಬರದಿದ್ದಾಗ ಏನಾಗುತ್ತದೆ ಎಂಬುದನ್ನು ಮೊದಲೇ ಬರೆದಿಡಬೇಕು. ಕರಡು ವರದಿಯನ್ನು ಓದಿ ಅಭಿಪ್ರಾಯ ಹೇಳಲು ಕಂಪನಿಗೆ 30 ದಿನ ಕೊಡಿ. ಪ್ರಕಟಣೆಯನ್ನು ತಡೆಯುವ ಹಕ್ಕು ಕೊಡಬೇಡಿ. ಈ ಸಾಲಿಗೆ ಒಪ್ಪದ ಕಂಪನಿಯನ್ನು ಅಲ್ಲಿಗೇ ಬಿಡುವುದು ಒಳ್ಳೆಯದು. ಆ್ಯಪ್‌ನ ಬಳಕೆಯ ಲಾಗ್, ಅಂದರೆ ಯಾರು ಯಾವಾಗ ಎಷ್ಟು ಬಳಸಿದರು ಎಂಬ ದಾಖಲೆ, ಕಚ್ಚಾ ರೂಪದಲ್ಲಿ ಸಂಶೋಧಕರ ಕೈಗೆ ಸಿಗುತ್ತದೆಯೇ ಎಂಬುದನ್ನೂ ಅದೇ ಸಭೆಯಲ್ಲಿ ಕೇಳಿ. ಕಂಪನಿ ತಾನೇ ಸೋಸಿ ಕೊಟ್ಟ ಕೋಷ್ಟಕದಲ್ಲಿ ಬಳಸದೇ ಬಿಟ್ಟ ಮಕ್ಕಳು ಕಾಣುವುದಿಲ್ಲ.

ಪ್ರಶ್ನೆ ಯಾರದು

ತಂತ್ರಜ್ಞಾನ ಎಂದ ಕೂಡಲೇ ಮಗುವಿನ ಕೈಯಲ್ಲಿ ಒಂದು ಸಾಧನ ಎಂದು ಊಹಿಸುವ ಅಭ್ಯಾಸ ಇದೆ. ಆಫ್ರಿಕಾದ ಅನುಭವ ಅದಕ್ಕಿಂತ ವಿಶಾಲ. ರುವಾಂಡಾದಲ್ಲಿ 2008ರಿಂದ ಮಗುವಿಗೊಂದು ಲ್ಯಾಪ್‌ಟಾಪ್ ಯೋಜನೆ ನಡೆಯಿತು. ಕೀನ್ಯಾ 2016ರಲ್ಲಿ ಡಿಜಿಟಲ್ ಸಾಕ್ಷರತಾ ಕಾರ್ಯಕ್ರಮದಡಿ ಪ್ರಾಥಮಿಕ ಶಾಲೆಗಳಿಗೆ ಟ್ಯಾಬ್ಲೆಟ್ ಹಂಚಲು ಶುರು ಮಾಡಿತು. ಅದಕ್ಕೂ ಒಂದು ವರ್ಷ ಮೊದಲು, 2015ರಲ್ಲಿ, ಅದೇ ದೇಶದಲ್ಲಿ ಶುರುವಾದ ತುಸೋಮೆ ಓದುವ ಕಾರ್ಯಕ್ರಮ ಟ್ಯಾಬ್ಲೆಟ್ಟನ್ನು ಕೊಟ್ಟಿದ್ದು ಮಕ್ಕಳಿಗಲ್ಲ, ತರಗತಿಗೆ ಭೇಟಿ ಕೊಟ್ಟು ಶಿಕ್ಷಕರಿಗೆ ಮಾರ್ಗದರ್ಶನ ಮಾಡುವ ಪಠ್ಯಕ್ರಮ ಅಧಿಕಾರಿಗಳಿಗೆ. ಮಗುವಿನ ಕೈಗೆ ಕಾಗದದ ಪುಸ್ತಕವೇ ಸಿಕ್ಕಿತು. ಬೋಟ್ಸ್ವಾನಾದಲ್ಲಿ ಕೋವಿಡ್ ಕಾಲಕ್ಕೆ ಶಾಲೆ ಮುಚ್ಚಿದಾಗ ಸಾಮಾನ್ಯ ಫೋನನ್ನೇ ಪರೀಕ್ಷಿಸಿದರು: ಒಂದು ಗುಂಪಿಗೆ ವಾರಕ್ಕೊಂದು ಎಸ್‌ಎಂಎಸ್ ಲೆಕ್ಕ, ಇನ್ನೊಂದು ಗುಂಪಿಗೆ ಎಸ್‌ಎಂಎಸ್ ಜೊತೆಗೆ ಬೋಧಕರ ಕರೆ. ಕಲಿಕೆ ಸ್ಪಷ್ಟವಾಗಿ ಏರಿದ್ದು ಕರೆ ಹೋದ ಗುಂಪಿನಲ್ಲಿ. ಬರೀ ಸಂದೇಶದಿಂದ ಗಮನಿಸುವಂಥ ಲಾಭ ಕಾಣಲಿಲ್ಲ.

ಇಂಥ ಇತಿಹಾಸ ಸ್ಥಳೀಯ ಸಂಶೋಧಕರಿಗೆ ಬಾಯಿಪಾಠ. ಯಾವ ಜಿಲ್ಲೆಯಲ್ಲಿ ಹಿಂದಿನ ಯೋಜನೆಯ ಟ್ಯಾಬ್ಲೆಟ್ಟುಗಳು ಪೆಟ್ಟಿಗೆಯಲ್ಲೇ ಉಳಿದಿವೆ, ಏಕೆ ಉಳಿದಿವೆ ಎಂಬುದು ಯಾವ ಪ್ರಕಟಿತ ಲೇಖನದಲ್ಲೂ ಇರುವುದಿಲ್ಲ. ಆದ್ದರಿಂದ ಮೊದಲ ಸಭೆಗೆ ಬರೆದ ಪ್ರಶ್ನೆಯನ್ನು ಒಯ್ಯಬೇಡಿ, ವಿಷಯವನ್ನು ಮಾತ್ರ ಒಯ್ಯಿರಿ. ಎರಡು ದಿನದ ಕಾರ್ಯಾಗಾರ ಸಾಕು, ಹದಿನೈದು ಜನ ಮೀರಬಾರದು, ಅದರಲ್ಲಿ ಕನಿಷ್ಠ ನಾಲ್ವರು ಈಗಲೂ ಪಾಠ ಮಾಡುತ್ತಿರುವ ಶಿಕ್ಷಕರಿರಬೇಕು. ಶಿಕ್ಷಕರನ್ನು ಅವರ ಮೇಲಧಿಕಾರಿಯ ಎದುರಿಗೆ ಕೂರಿಸಿ ಅಭಿಪ್ರಾಯ ಕೇಳಿದರೆ ಬರುವುದು ಮೌನ ಅಥವಾ ಹೊಗಳಿಕೆ. ಅವರಿಗೆ ಬೇರೆಯೇ ಅರ್ಧ ದಿನ ಇಡಿ. ಮೊದಲ ದಿನ ಪ್ರತಿಯೊಬ್ಬರೂ ಈಗ ಏನು ನಡೆಯುತ್ತಿದೆ, ಯಾವ ನಿರ್ಧಾರ ಬಾಕಿ ಇದೆ ಎಂದು ಹೇಳಲಿ. ಎರಡನೆಯ ದಿನ ಪ್ರಶ್ನೆ ಬರೆಯಿರಿ. ಒಳ್ಳೆಯ ಪ್ರಶ್ನೆಗೆ ಒಂದು ಗುರುತು ಉಂಟು: ಉತ್ತರ ಹೌದು ಎಂದು ಬಂದರೆ ಒಬ್ಬ ಅಧಿಕಾರಿ ಒಂದು ಕೆಲಸ ಮಾಡುತ್ತಾನೆ, ಇಲ್ಲ ಎಂದು ಬಂದರೆ ಇನ್ನೊಂದು. ಎರಡಕ್ಕೂ ಒಂದೇ ಕೆಲಸ ಎಂದಾದರೆ ಸಂಶೋಧನೆಯ ಅಗತ್ಯವೇ ಇಲ್ಲ.

ಭಾಷೆಯನ್ನೂ ಇಲ್ಲೇ ಇತ್ಯರ್ಥ ಮಾಡಿ. ಟಾಂಜಾನಿಯಾದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮಾಧ್ಯಮ ಸ್ವಾಹಿಲಿ, ಪ್ರೌಢಶಾಲೆಗೆ ಬಂದರೆ ಇಂಗ್ಲಿಷ್. ಇಂಗ್ಲಿಷ್ ಆ್ಯಪನ್ನು ಅನುವಾದಿಸಿದ ಮಾತ್ರಕ್ಕೆ ಓದು ಕಲಿಸುವ ಕ್ರಮ ಸರಿಹೋಗುವುದಿಲ್ಲ, ಏಕೆಂದರೆ ಸ್ವಾಹಿಲಿಯಲ್ಲಿ ಅಕ್ಷರಕ್ಕೂ ಉಚ್ಚಾರಣೆಗೂ ನೇರ ನಂಟು, ಮಕ್ಕಳು ಕಲಿಯುವುದು ಪದಭಾಗಗಳಿಂದ. ಪರೀಕ್ಷಾಪತ್ರಿಕೆಯನ್ನೂ ಅನುವಾದಿಸುವುದಲ್ಲ, ಆ ಭಾಷೆಯಲ್ಲೇ ಕಟ್ಟಬೇಕು. ಇದಕ್ಕೆ ಭಾಷಾ ಪರಿಣತರ ಆರು ವಾರ ಬೇಕಾಗುತ್ತದೆ, ಬಜೆಟ್ಟಿನಲ್ಲಿ ಮರೆತುಹೋಗುವ ಮೊದಲ ಸಾಲು ಇದೇ.

ಶಾಲೆಗಳ ಸಂಖ್ಯೆ ಮೊದಲೇ ಗೊತ್ತಿರಲಿ

ಮಾದರಿಯ ಗಾತ್ರ ಸಂಖ್ಯಾಶಾಸ್ತ್ರದವರ ವಿಷಯ ಎಂದು ಕೊನೆಗೆ ಬಿಡುವವರಿದ್ದಾರೆ. ಬಿಡಬಾರದು. ಎಷ್ಟು ಶಾಲೆ ಎಂಬುದರ ಮೇಲೆ ಎಷ್ಟು ಜಿಲ್ಲೆಯ ಅನುಮತಿ, ಎಷ್ಟು ವಾಹನ, ಎಷ್ಟು ಸಮೀಕ್ಷಕರು ಎಂಬುದೆಲ್ಲ ನಿಂತಿದೆ.

ಒಂದೇ ಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ಹೋಲುತ್ತಾರೆ, ಆ ಹೋಲಿಕೆಯ ಅಳತೆಗೆ ಅಂತರ್ಗುಂಪು ಸಹಸಂಬಂಧ ಎನ್ನುತ್ತಾರೆ. ಸೂತ್ರ ಸುಲಭ: ಶಾಲೆಗೆ ಎಷ್ಟು ಮಕ್ಕಳೋ ಅದರಿಂದ ಒಂದು ಕಳೆದು, ಆ ಸಹಸಂಬಂಧದಿಂದ ಗುಣಿಸಿ, ಒಂದು ಕೂಡಿಸಿ. ಬಂದದ್ದು ಭಾಜಕ, ಒಟ್ಟು ಮಕ್ಕಳ ಸಂಖ್ಯೆಯನ್ನು ಅದರಿಂದ ಭಾಗಿಸಬೇಕು. ಸಹಸಂಬಂಧ 0.2 ಎಂದಿಟ್ಟುಕೊಳ್ಳಿ. 30 ಶಾಲೆಗಳಲ್ಲಿ 20ರಂತೆ 600 ಮಕ್ಕಳನ್ನು ಪರೀಕ್ಷಿಸಿದರೆ ಭಾಜಕ 4.8, ಅಂದರೆ ನಿಮ್ಮ 600 ಮಕ್ಕಳು ನಿಜದಲ್ಲಿ 125 ಸ್ವತಂತ್ರ ಮಕ್ಕಳಿಗೆ ಸಮ. ಅದೇ 600 ಮಕ್ಕಳನ್ನು 60 ಶಾಲೆಗಳಿಂದ ಹತ್ತರಂತೆ ತೆಗೆದುಕೊಂಡರೆ ಭಾಜಕ 2.8, ಮಾದರಿ 214ಕ್ಕೆ ಸಮ. ಮಕ್ಕಳ ಸಂಖ್ಯೆ ಒಂದೇ, ಲೆಕ್ಕಕ್ಕೆ ಸಿಗುವ ಮಾದರಿ ಸುಮಾರು ಶೇ 70ರಷ್ಟು ಹೆಚ್ಚು. ಆದರೆ ಪ್ರಯಾಣದ ಖರ್ಚು ಹೆಚ್ಚುಕಡಿಮೆ ಇಮ್ಮಡಿ. ಈ ಚೌಕಾಶಿಯನ್ನು ರಸ್ತೆ ಗೊತ್ತಿರುವ ಸ್ಥಳೀಯ ತಂಡವೇ ಮಾಡಬೇಕು. ಮಳೆಗಾಲದಲ್ಲಿ ಎಲ್ಲಿ ದಿನಕ್ಕೆ ಒಂದೇ ಶಾಲೆ ಸಾಧ್ಯ, ಎಲ್ಲಿ ಎರಡು ಮುಗಿಸಬಹುದು ಎಂಬುದು ನಕ್ಷೆಯಲ್ಲಿ ಕಾಣುವುದಿಲ್ಲ.

ಅನುಮತಿಗಳು: ಒಂದರ ಹಿಂದೆ ಒಂದು

ಇವು ಸಮಾನಾಂತರವಾಗಿ ಓಡುವುದಿಲ್ಲ. ಒಂದು ಕೈಗೆ ಬಂದ ಮೇಲೆಯೇ ಮುಂದಿನದಕ್ಕೆ ಅರ್ಜಿ.

ಕೀನ್ಯಾದಲ್ಲಿ ಮೊದಲು ಮಾನ್ಯತೆ ಪಡೆದ ಸಂಸ್ಥೆಯ ನೈತಿಕ ಪರಿಶೀಲನಾ ಸಮಿತಿ, ಆಮೇಲೆ ನಾಕೋಸ್ಟಿ ಎಂಬ ರಾಷ್ಟ್ರೀಯ ವಿಜ್ಞಾನ-ತಂತ್ರಜ್ಞಾನ ಆಯೋಗದ ಸಂಶೋಧನಾ ಪರವಾನಗಿ. ಇದು 2013ರ ವಿಜ್ಞಾನ, ತಂತ್ರಜ್ಞಾನ ಮತ್ತು ನಾವೀನ್ಯತಾ ಕಾಯ್ದೆಯಡಿ ಕಡ್ಡಾಯ, ಅವಧಿ ಒಂದು ವರ್ಷ, ಹೊರದೇಶದವರಾದರೆ ಸ್ಥಳೀಯ ಸಂಸ್ಥೆಯೊಂದರ ನಂಟು ತೋರಿಸಬೇಕು. ಪರವಾನಗಿ ಹಿಡಿದು ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕದ) ಆಯುಕ್ತರನ್ನೂ ಕೌಂಟಿ ಶಿಕ್ಷಣ ನಿರ್ದೇಶಕರನ್ನೂ ಕಾಣಬೇಕು, ಅಲ್ಲಿಂದ ಉಪಕೌಂಟಿ, ಅಲ್ಲಿಂದ ಶಾಲೆ. ಉಗಾಂಡದಲ್ಲಿ ಸಂಶೋಧನಾ ನೈತಿಕ ಸಮಿತಿ, ನಂತರ ಯುಎನ್‌ಸಿಎಸ್‌ಟಿ ಎಂಬ ರಾಷ್ಟ್ರೀಯ ವಿಜ್ಞಾನ-ತಂತ್ರಜ್ಞಾನ ಮಂಡಳಿ, ನಂತರ ಜಿಲ್ಲೆ. ಟಾಂಜಾನಿಯಾದಲ್ಲಿ ಕಾಸ್ಟೆಕ್ ಎಂಬ ವಿಜ್ಞಾನ-ತಂತ್ರಜ್ಞಾನ ಆಯೋಗದ ಪರವಾನಗಿಯ ಮೇಲೆ ಪ್ರಾದೇಶಿಕ ಆಡಳಿತ ವಿಭಾಗದ ಪತ್ರ ಪ್ರದೇಶಕ್ಕೂ ಜಿಲ್ಲೆಗೂ ಇಳಿಯಬೇಕು. ಅದೇ ದೇಶದ ದ್ವೀಪಭಾಗವಾದ ಜಾಂಜಿಬಾರ್‌ಗೆ ಪ್ರತ್ಯೇಕ ಅನುಮತಿ, ದಾರ್ ಎಸ್ ಸಲಾಮ್‌ನ ಕಾಗದ ಅಲ್ಲಿ ನಡೆಯದು. ಮಲಾವಿಯಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಆಯೋಗದ ಸಮಾಜ ವಿಜ್ಞಾನ ಸಮಿತಿ. ರುವಾಂಡಾದಲ್ಲಿ ಸಮೀಕ್ಷೆಗೆ ರಾಷ್ಟ್ರೀಯ ಅಂಕಿಅಂಶ ಸಂಸ್ಥೆಯ 'ವೀಸಾ' ಬೇಕು. ಹೆಸರು ವೀಸಾ ಆದರೂ ಅದು ಪ್ರಯಾಣದ್ದಲ್ಲ, ಪ್ರಶ್ನಾವಳಿಯ ಮಂಜೂರಾತಿ.

ಇವೆಲ್ಲಕ್ಕೂ ಸೇರಿ ಆರು ತಿಂಗಳು ಇಟ್ಟುಕೊಳ್ಳಿ. ಬೇಗ ಮುಗಿದರೆ ಲಾಭ. ನೈತಿಕ ಸಮಿತಿ ಯಾವ ತಿಂಗಳು ಕೂರುತ್ತದೆ, ಅರ್ಜಿ ಎಷ್ಟು ದಿನ ಮೊದಲು ಸೇರಬೇಕು ಎಂದು ಬರೆದಿಟ್ಟುಕೊಳ್ಳಿ. ಒಂದು ಸಭೆ ತಪ್ಪಿದರೆ ಒಂದು ತಿಂಗಳು ಹೋಯಿತು. ಹೊರದೇಶದ ವಿಶ್ವವಿದ್ಯಾಲಯದ ನೈತಿಕ ಅನುಮತಿ ಸ್ಥಳೀಯ ಅನುಮತಿಗೆ ಬದಲಿಯಾಗದು. ಎರಡೂ ಸಮಿತಿಗಳು ಬೇರೆ ಬೇರೆ ತಿದ್ದುಪಡಿ ಕೇಳಿದಾಗ ಎರಡು ಬೇರೆ ಪ್ರಶ್ನಾವಳಿಗಳು ಹುಟ್ಟಿಕೊಳ್ಳುವುದುಂಟು. ಸ್ಥಳೀಯ ಸಮಿತಿ ಒಪ್ಪಿದ ಪ್ರತಿಯನ್ನೇ ಹೊರದೇಶದ ಸಮಿತಿಗೆ ಕಳಿಸುವುದು ಇದಕ್ಕೆ ಮದ್ದು.

ಮಕ್ಕಳ ದತ್ತಾಂಶದ ಕಾನೂನು ಈಗ ಬಹುತೇಕ ಕಡೆ ಬಿಗಿಯಾಗಿದೆ. ಘಾನಾದ ಕಾಯ್ದೆ 2012ರದು, ಕೀನ್ಯಾ ಮತ್ತು ಉಗಾಂಡದವು 2019ರವು, ರುವಾಂಡಾದ್ದು 2021, ಟಾಂಜಾನಿಯಾದ್ದು 2022, ನೈಜೀರಿಯಾದ್ದು 2023. ದಕ್ಷಿಣ ಆಫ್ರಿಕಾದ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಪೋಪಿಯಾ 2021ರ ಜುಲೈ 1ರಿಂದ ಪೂರ್ಣವಾಗಿ ಜಾರಿಯಲ್ಲಿದೆ. ಯೋಜನೆಗೆ ನೇರವಾಗಿ ತಟ್ಟುವ ಎರಡು ಅಂಶ ನೆನಪಿರಲಿ. ಕೀನ್ಯಾದಲ್ಲಿ ಅಪಾಯ ಹೆಚ್ಚಿರುವ ದತ್ತಾಂಶ ಬಳಕೆಯಾದರೆ ಪರಿಣಾಮದ ಮೌಲ್ಯಮಾಪನ ವರದಿಯನ್ನು ಕೆಲಸ ಶುರುವಾಗುವ 60 ದಿನ ಮೊದಲು ದತ್ತಾಂಶ ರಕ್ಷಣಾ ಆಯುಕ್ತರ ಕಚೇರಿಗೆ ಸಲ್ಲಿಸಬೇಕು. ಈ 60 ದಿನ ಮೇಲಿನ ಆರು ತಿಂಗಳೊಳಗೇ ಕೂರುವಂತೆ ನೋಡಿಕೊಳ್ಳಿ. ರುವಾಂಡಾದಲ್ಲಿ ವೈಯಕ್ತಿಕ ದತ್ತಾಂಶವನ್ನು ದೇಶದೊಳಗೇ ಇಡುವುದು ನಿಯಮ, ಹೊರಗಿಡಲು ಅಧಿಕೃತ ಪ್ರಮಾಣಪತ್ರ ಬೇಕು. ಹೊರದೇಶದ ಕ್ಲೌಡ್ ಸರ್ವರನ್ನು ಅರ್ಜಿಯಲ್ಲಿ ಬರೆದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಸರಳ ಪರಿಹಾರವೆಂದರೆ ಮಕ್ಕಳ ಹೆಸರು ಮತ್ತು ಸಂಕೇತಸಂಖ್ಯೆಯ ಜೋಡಿ ಪಟ್ಟಿ ಸ್ಥಳೀಯ ಪಾಲುದಾರರ ಸರ್ವರಿನಲ್ಲೇ ಉಳಿಯಲಿ, ಹೊರಗೆ ಹೋಗುವುದು ಸಂಕೇತಸಂಖ್ಯೆಯ ಕಡತ ಮಾತ್ರ. ಆ್ಯಪ್ ಗುಟ್ಟಾಗಿ ಸ್ಥಳಮಾಹಿತಿಯನ್ನೋ ಜಾಹೀರಾತಿನ ಗುರುತನ್ನೋ ಹೊರಗೆ ಕಳಿಸುತ್ತಿಲ್ಲ ಎಂಬುದನ್ನು ತಾಂತ್ರಿಕವಾಗಿ ಪರೀಕ್ಷಿಸಿ, ಕಂಪನಿಯ ಮಾತನ್ನೇ ನಂಬಬೇಡಿ.

ಒಪ್ಪಿಗೆ ಪತ್ರದ ಬಗ್ಗೆ ಒಂದು ಮಾತು. ಮುಖ್ಯೋಪಾಧ್ಯಾಯರ ಸಹಿ ಪೋಷಕರ ಒಪ್ಪಿಗೆ ಅಲ್ಲ. ಕೀನ್ಯಾ, ಉಗಾಂಡಗಳಲ್ಲಿ ವಸತಿ ಪ್ರೌಢಶಾಲೆಗಳು ಬಹಳ. ಪೋಷಕರು ಇರುವುದು ನೂರಾರು ಕಿಲೋಮೀಟರ್ ದೂರದಲ್ಲಿ. ಅವರು ಶಾಲೆಗೆ ಬರುವುದು ಭೇಟಿಯ ದಿನ ಮತ್ತು ಶಾಲೆಯ ಅವಧಿ (ಟರ್ಮ್) ಶುರುವಾಗುವ ದಿನ. ಒಪ್ಪಿಗೆ ಸಂಗ್ರಹವನ್ನು ಆ ದಿನಗಳಿಗೇ ಕಟ್ಟಿಹಾಕಿ, ಇಲ್ಲದಿದ್ದರೆ ಅರ್ಧ ಮಾದರಿ ಕೈತಪ್ಪುತ್ತದೆ. ಓದು ಬಾರದ ಪೋಷಕರಿಗೆ ಮನೆಮಾತಿನಲ್ಲಿ ಓದಿ ಹೇಳಿ, ಸಾಕ್ಷಿಯ ಎದುರು ಹೆಬ್ಬೆಟ್ಟು ಹಾಕಿಸುವ ಏರ್ಪಾಡು ಇರಲಿ. ಮಗುವಿನ ಸಮ್ಮತಿಯನ್ನು ಬೇರೆಯಾಗಿ ಕೇಳಬೇಕು.

ಕ್ಯಾಲೆಂಡರನ್ನು ಹಿಂದಿನಿಂದ ಬರೆಯಿರಿ

ಅನುದಾನದ ವರ್ಷ ಬೇರೆ, ಶಾಲೆಯ ವರ್ಷ ಬೇರೆ. ಕೀನ್ಯಾ, ಟಾಂಜಾನಿಯಾ, ದಕ್ಷಿಣ ಆಫ್ರಿಕಾದಲ್ಲಿ ಶಾಲಾ ವರ್ಷ ಜನವರಿಗೆ ಶುರು, ಉಗಾಂಡದಲ್ಲಿ ಸಾಮಾನ್ಯವಾಗಿ ಫೆಬ್ರುವರಿ, ರುವಾಂಡಾ ಮತ್ತು ಮಲಾವಿಯಲ್ಲಿ ಸೆಪ್ಟೆಂಬರ್. ಎರಡು ದೇಶಗಳ ಹೋಲಿಕೆ ಎಂದು ಒಂದೇ ತಿಂಗಳಲ್ಲಿ ಸಮೀಕ್ಷೆ ಇಟ್ಟರೆ ಒಂದು ಕಡೆ ತರಗತಿ ಮುಗಿಯುತ್ತಿರುತ್ತದೆ, ಇನ್ನೊಂದು ಕಡೆ ಮಕ್ಕಳು ಈಗಷ್ಟೇ ಸೇರಿರುತ್ತಾರೆ. ಕೊನೆಯ ಪರೀಕ್ಷೆಯ ದಿನಾಂಕವನ್ನು ಮೊದಲು ಗುರುತು ಮಾಡಿ, ಅಲ್ಲಿಂದ ಹಿಂದೆ ಎಣಿಸಿ: ಅಂತಿಮ ಸಮೀಕ್ಷೆ, ಬಳಕೆಯ ಅವಧಿ, ಶಿಕ್ಷಕರ ತರಬೇತಿ, ಮೊದಲ ಸಮೀಕ್ಷೆ, ಸಮೀಕ್ಷಕರ ತರಬೇತಿ, ಪ್ರಾಯೋಗಿಕ ಪರೀಕ್ಷೆ, ಅನುಮತಿ. ಬಹುತೇಕ ಯೋಜನೆಗಳಲ್ಲಿ ಮೊದಲ ವರ್ಷದಲ್ಲಿ ತರಗತಿಯ ಕೆಲಸವೇ ಆಗುವುದಿಲ್ಲ ಎಂಬುದು ಹೀಗೆ ಎಣಿಸಿದಾಗ ತಾನಾಗಿ ತಿಳಿಯುತ್ತದೆ.

ಅವಧಿಯ ಮೊದಲ ಎರಡು ವಾರ ಹಾಜರಾತಿ ನೆಲೆಗೊಳ್ಳುವುದಿಲ್ಲ, ಶುಲ್ಕ ತರಲು ಮಕ್ಕಳನ್ನು ಮನೆಗೆ ಕಳಿಸುವ ಕಡೆಗಳಲ್ಲಂತೂ ಇನ್ನೂ ಕಷ್ಟ. ಕೊನೆಯ ಎರಡು ವಾರ ಪರೀಕ್ಷೆ. ಹನ್ನೆರಡು-ಹದಿಮೂರು ವಾರದ ಅವಧಿಯಲ್ಲಿ ನಿಮಗೆ ಸಿಗುವುದು ಎಂಟು ವಾರ ಎಂದೇ ಲೆಕ್ಕ ಹಾಕಿ. ದಕ್ಷಿಣ ಆಫ್ರಿಕಾದ ವೆಸ್ಟರ್ನ್ ಕೇಪ್‌ನಂಥ ಪ್ರಾಂತ್ಯ ನಾಲ್ಕನೆಯ ಅವಧಿಯಲ್ಲಿ ಶಾಲೆಗಳೊಳಗೆ ಸಂಶೋಧನೆಗೆ ಅವಕಾಶ ಕೊಡುವುದಿಲ್ಲ. ಚುನಾವಣೆಯ ತಿಂಗಳುಗಳನ್ನು ಕೆಂಪು ಶಾಯಿಯಲ್ಲಿ ಬರೆಯಿರಿ: ಕೀನ್ಯಾದಲ್ಲಿ ಐದು ವರ್ಷಕ್ಕೊಮ್ಮೆ ಆಗಸ್ಟ್, ಘಾನಾದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಡಿಸೆಂಬರ್. ಶಾಲೆಗಳೇ ಮತಗಟ್ಟೆಗಳಾಗುತ್ತವೆ, ಅಧಿಕಾರಿಗಳು ಹೊಸ ಕಾಗದಕ್ಕೆ ಸಹಿ ಹಾಕುವುದಿಲ್ಲ, ಅಪರಿಚಿತ ಸಮೀಕ್ಷಕರನ್ನು ಪಕ್ಷದವರೆಂದು ಜನ ತಿಳಿಯುತ್ತಾರೆ. ಮುಷ್ಕರವೂ ಇದ್ದದ್ದೇ; ಕೀನ್ಯಾದಲ್ಲಿ 2024ರ ಮೂರನೆಯ ಅವಧಿ ಪ್ರೌಢಶಾಲಾ ಶಿಕ್ಷಕರ ಸಂಘದ ಮುಷ್ಕರದಿಂದಲೇ ತೆರೆಯಿತು. ಅನುದಾನ ಕೊಡುವವರ ಒಪ್ಪಂದದಲ್ಲಿ 'ಹೆಚ್ಚುವರಿ ಹಣ ಕೇಳದೆ ಒಂದು ಶಾಲಾ ಅವಧಿಯಷ್ಟು ವಿಸ್ತರಣೆ' ಎಂಬ ಸಾಲನ್ನು ಮೊದಲೇ ಸೇರಿಸಿ.

ಹಣ

ಪಾಲುದಾರಿಕೆಯ ನಿಜರೂಪ ಕಾಣುವುದು ಬಜೆಟ್ಟಿನ ಹಾಳೆಯಲ್ಲಿ. ಕೆಲಸದ ಮುಕ್ಕಾಲು ಪಾಲು ಆಫ್ರಿಕಾದಲ್ಲಿ ನಡೆದು, ಹಣದ ಮುಕ್ಕಾಲು ಪಾಲು ಹೊರದೇಶದ ಸಂಸ್ಥೆಯಲ್ಲೇ ಉಳಿದಿದ್ದರೆ ಒಪ್ಪಂದದಲ್ಲಿ ಎಷ್ಟು ಒಳ್ಳೆಯ ಮಾತಿದ್ದರೂ ಪ್ರಯೋಜನವಿಲ್ಲ. 2023ರ ಜುಲೈನಲ್ಲಿ ನಮೀಬಿಯಾದ ವಿಂಡ್‌ಹುಕ್‌ನಲ್ಲಿ ಬಿಡುಗಡೆಯಾದ ಸಂಶೋಧನಾ ಸಹಯೋಗಗಳ ಆಫ್ರಿಕಾ ಸನ್ನದು ಎತ್ತಿದ್ದೂ ಈ ಅಸಮತೋಲನವನ್ನೇ. ಸನ್ನದಿಗೆ ಸಹಿ ಹಾಕುವುದು ಸುಲಭ. ಹಾಳೆಯ ಸಾಲುಗಳನ್ನು ಬದಲಿಸುವುದು ಕಷ್ಟ.

ನೋಡಬೇಕಾದ ಸಾಲುಗಳು ಇವು. ಪರೋಕ್ಷ ವೆಚ್ಚ, ಅಂದರೆ ಸಂಸ್ಥೆಯ ಕಚೇರಿ, ಆಡಳಿತದ ಖರ್ಚು: ಐರೋಪ್ಯ ಒಕ್ಕೂಟದ ಹೊರೈಜನ್ ಯುರೋಪ್‌ನಂಥ ಅನುದಾನದಲ್ಲಿ ನೇರವೆಚ್ಚದ ಮೇಲೆ ಶೇ 25 ಸಿಗುತ್ತದೆ. ಆಫ್ರಿಕಾದ ಸಂಸ್ಥೆಯನ್ನು ಫಲಾನುಭವಿ ಪಾಲುದಾರನನ್ನಾಗಿ ಸೇರಿಸದೆ ಉಪಗುತ್ತಿಗೆದಾರನನ್ನಾಗಿ ಸೇರಿಸಿದರೆ ಆ ಹಕ್ಕು ತಪ್ಪುತ್ತದೆ. ಸಮಯ: ವಾರಕ್ಕೆ ಹತ್ತಾರು ಗಂಟೆ ಪಾಠ ಮಾಡುವ ಪ್ರಾಧ್ಯಾಪಕರಿಗೆ ಗೌರವಧನ ಕೊಟ್ಟರೆ ಬಿಡುವು ಹುಟ್ಟುವುದಿಲ್ಲ. ಅವರ ಬದಲಿಗೆ ಪಾಠ ಮಾಡುವವರ ಸಂಬಳವನ್ನು ಬಜೆಟ್ಟಿನಲ್ಲಿ ಹಾಕಬೇಕು, ವಿಶೇಷವಾಗಿ ಬರವಣಿಗೆಯ ತಿಂಗಳುಗಳಿಗೆ. ಪಾವತಿಯ ರೀತಿ: ಖರ್ಚು ಮಾಡಿ ಬಿಲ್ಲು ಕಳಿಸಿ, ಆಮೇಲೆ ಹಣ ಎಂಬ ಪದ್ಧತಿಯಲ್ಲಿ ಸಮೀಕ್ಷೆಯೇ ನಿಂತುಹೋಗುತ್ತದೆ, ಏಕೆಂದರೆ ಸ್ಥಳೀಯ ವಿಶ್ವವಿದ್ಯಾಲಯದಲ್ಲಿ ಮುಂಗಡ ಕೊಡುವಷ್ಟು ನಿಧಿ ಇರುವುದಿಲ್ಲ. ಮೂರು ತಿಂಗಳ ಮುಂಗಡ ಕೇಳಿ. ಹಣ ವಿಶ್ವವಿದ್ಯಾಲಯದ ಕೇಂದ್ರ ಖಾತೆಗೆ ಬಂದು ಯೋಜನೆಗೆ ಇಳಿಯಲು ಎಷ್ಟು ವಾರ ಎಂದು ಹಣಕಾಸು ಅಧಿಕಾರಿಯನ್ನೇ ಕೇಳಿ. ಮೊದಲ ಸಭೆಗೇ ಅವರನ್ನು ಕರೆಯುವುದು ಜಾಣತನ.

ಕರೆನ್ಸಿಯ ಪೆಟ್ಟು ಸಣ್ಣದಲ್ಲ. 2023ರ ಜೂನ್‌ನಲ್ಲಿ ನೈಜೀರಿಯಾದ ನೈರಾ ಕುಸಿಯಿತು, ಅದೇ ನವೆಂಬರ್‌ನಲ್ಲಿ ಮಲಾವಿ ತನ್ನ ಕ್ವಾಚಾವನ್ನು ಶೇ 44ರಷ್ಟು ಅಪಮೌಲ್ಯ ಮಾಡಿತು, 2024ರ ಜುಲೈನಲ್ಲಿ ಇಥಿಯೋಪಿಯಾ ಬಿರ್‌ಅನ್ನು ಮಾರುಕಟ್ಟೆಗೆ ಬಿಟ್ಟಿತು. ಕ್ವಾಚಾದಲ್ಲಿ ಬರೆದ ಸಂಬಳದ ಬೆಲೆ ರಾತ್ರೋರಾತ್ರಿ ಕರಗುತ್ತದೆ. ಇಂಧನದ ಬೆಲೆ ಏರುತ್ತದೆ. ಸಮೀಕ್ಷಕರ ದಿನಭತ್ಯೆಯನ್ನು ಆರು ತಿಂಗಳಿಗೊಮ್ಮೆ ಮರುಪರಿಶೀಲಿಸುವ ಸಾಲು, ವಿನಿಮಯದ ಲಾಭ ಬಂದರೆ ಅದು ಸ್ಥಳೀಯ ಪಾಲುದಾರರ ಬಜೆಟ್ಟಿನಲ್ಲೇ ಉಳಿಯುತ್ತದೆ ಎಂಬ ಸಾಲು, ಎರಡೂ ಒಪ್ಪಂದದಲ್ಲಿರಲಿ. ಶೇ 10 ತುರ್ತುನಿಧಿ ಇಲ್ಲದ ಬಜೆಟ್ಟು ಬೇಡ.

ಸಾಧನ, ವಿದ್ಯುತ್ತು, ಬೀಗ

ಟ್ಯಾಬ್ಲೆಟ್ ಕೊಳ್ಳುವುದು ಆದಷ್ಟು ಆ ದೇಶದಲ್ಲೇ. ಹೊರಗಿನಿಂದ ತಂದರೆ ಸುಂಕ ವಿನಾಯಿತಿಯ ಪತ್ರಕ್ಕಾಗಿ ಪೆಟ್ಟಿಗೆಗಳು ಬಂದರಿನಲ್ಲಿ ಕೂರುತ್ತವೆ, ಬಾಡಿಗೆ ಬೆಳೆಯುತ್ತದೆ, ಕೆಟ್ಟರೆ ಗ್ಯಾರಂಟಿ ನಡೆಯುವುದಿಲ್ಲ. ಶಾಲೆಗೆ 40 ಬೇಕಾದರೆ 44 ಕೊಳ್ಳಿ, ಚಾರ್ಜಿಂಗ್ ಕೇಬಲ್‌ಗಳನ್ನು 60. ಮೊದಲು ಕೆಡುವುದು ಕೇಬಲ್ಲು, ಅದರಲ್ಲೂ ಪಿನ್ನಿನ ಬುಡ.

ವಿದ್ಯುತ್ತಿನ ಲೆಕ್ಕ ಕಾಗದದ ಮೇಲೆ ಮಾಡಿ. ಒಂದು ಟ್ಯಾಬ್ಲೆಟ್ಟಿನ ಬ್ಯಾಟರಿ ಸುಮಾರು 20 ವ್ಯಾಟ್-ಅವರ್. ನಲವತ್ತಕ್ಕೆ 800, ಚಾರ್ಜಿಂಗ್‌ನ ನಷ್ಟ ಸೇರಿ 1,070ರ ಹತ್ತಿರ. ದಿನಕ್ಕೆ ಐದು ಗಂಟೆ ಒಳ್ಳೆಯ ಬಿಸಿಲು, ಒಟ್ಟಾರೆ ಶೇ 70 ದಕ್ಷತೆ ಎಂದರೆ 300 ವ್ಯಾಟಿನ ಫಲಕ ಕೊಡುವುದು 1,050. ಅಂದರೆ ಕೊರತೆಯ ಅಂಚಿನಲ್ಲೇ ಇದ್ದೀರಿ; 400 ವ್ಯಾಟ್ ಹಾಕಿಸಿದರೆ 1,400 ಸಿಗುತ್ತದೆ, ಮೋಡದ ದಿನಕ್ಕೂ ಉಳಿಯುತ್ತದೆ. 12 ವೋಲ್ಟ್, 200 ಆಂಪಿಯರ್-ಅವರ್ ಸೀಸದ ಬ್ಯಾಟರಿಯಲ್ಲಿ 2,400 ವ್ಯಾಟ್-ಅವರ್ ಇದ್ದರೂ ಅರ್ಧಕ್ಕಿಂತ ಕೆಳಗಿಳಿಸಿದರೆ ಬಾಳುವುದಿಲ್ಲ, ಬಳಸಲು ಸಿಗುವುದು 1,200. ಫಲಕ ಒರೆಸುವವರು ಯಾರು, ಫ್ಯೂಸ್ ಹೋದರೆ ಕರೆ ಯಾರಿಗೆ ಎಂಬುದನ್ನು ಗೋಡೆಯ ಮೇಲೆ ಬರೆಯಿಸಿ. ಟಾಂಜಾನಿಯಾದ ಟಾಂಗಾ ಪ್ರದೇಶದ ಸುಮಾರು 170 ಹಳ್ಳಿಗಳಲ್ಲಿ ನಡೆದು 2019ರಲ್ಲಿ ಮುಗಿದ, ಮಕ್ಕಳು ಟ್ಯಾಬ್ಲೆಟ್ಟಿನಿಂದ ತಾವೇ ಓದು ಕಲಿಯುವ ಎಕ್ಸ್‌ಪ್ರೈಜ್ ಸ್ಪರ್ಧೆಯ ಪ್ರಯೋಗದಲ್ಲಿ ಸಾಫ್ಟ್‌ವೇರ್ ಮಾಡಿದವರು ಬೇರೆ, ಸೌರ ಚಾರ್ಜಿಂಗ್ ಕೇಂದ್ರಗಳನ್ನು ನಿಲ್ಲಿಸಿದ್ದು ವಿಶ್ವ ಆಹಾರ ಕಾರ್ಯಕ್ರಮ. ಈ ಕೆಲಸಕ್ಕೆ ಬೇರೆಯೇ ಪಾಲುದಾರ ಬೇಕಾಗಬಹುದು ಎಂಬುದಕ್ಕೆ ಇಷ್ಟು ಸಾಕು.

ಇಂಟರ್ನೆಟ್ ಇರುತ್ತದೆ ಎಂದು ನಂಬಿ ವಿನ್ಯಾಸ ಮಾಡಬೇಡಿ. ಕೊಲಿಬ್ರಿಯಂಥ ಆಫ್‌ಲೈನ್ ವೇದಿಕೆ ಶಾಲೆಯಲ್ಲೇ ಒಂದು ಸಣ್ಣ ಕಂಪ್ಯೂಟರಿನ ಮೇಲೆ ಓಡುತ್ತದೆ. ಸಮೀಕ್ಷೆಗೆ ಒಡಿಕೆ, ಕೋಬೊ ಟೂಲ್‌ಬಾಕ್ಸ್ ಎರಡೂ ನೆಟ್‌ವರ್ಕ್ ಇಲ್ಲದೆ ಉತ್ತರ ಕೂಡಿಟ್ಟುಕೊಂಡು ಸಂಜೆ ಕಳಿಸುತ್ತವೆ. ಸಮೀಕ್ಷಕರ ಡೇಟಾ ಪ್ಯಾಕ್ ಅವರ ಸ್ವಂತ ಜೇಬಿನಿಂದ ಹೋಗದಂತೆ ವಾರದ ಮೊದಲೇ ಹಾಕಿಸಿ.

ಟ್ಯಾಬ್ಲೆಟ್ಟುಗಳು ಬೀರುವಿನಲ್ಲೇ ಉಳಿಯಲು ಬಹಳ ಸಲ ಕಾರಣ ತರಬೇತಿಯ ಕೊರತೆಯಲ್ಲ, ಭಯ. ಕಳುವಾದರೆ, ಒಡೆದರೆ ತನ್ನ ಸಂಬಳದಿಂದ ಹಿಡಿಯುತ್ತಾರೆ ಎಂದು ಶಿಕ್ಷಕರಿಗೆ ಗೊತ್ತಿದ್ದರೆ ಬೀಗ ತೆಗೆಯುವವರು ಯಾರು? ಕಳವು ಮತ್ತು ಹಾನಿಯ ಹೊಣೆ ಯೋಜನೆಯದು, ಶಿಕ್ಷಕರದಲ್ಲ ಎಂಬ ಒಂದು ಪುಟದ ಪತ್ರವನ್ನು ಶಾಲೆಗೆ ಕೊಡಿ, ಅದಕ್ಕೆ ಜಿಲ್ಲಾ ಶಿಕ್ಷಣಾಧಿಕಾರಿಯ ಸಹಿ ಇರಲಿ. ಜೊತೆಗೆ ಕಿಟಕಿಗೆ ಸರಳು, ಕಬ್ಬಿಣದ ಪೆಟ್ಟಿಗೆ, ರಾತ್ರಿ ಕಾವಲುಗಾರನ ಭತ್ಯೆ.

ಒಪ್ಪಂದದಲ್ಲಿ ಬರೆಯಬೇಕಾದದ್ದು

ತಿಳಿವಳಿಕೆ ಪತ್ರ ಒಂದು, ಹಣದ ಒಪ್ಪಂದ ಇನ್ನೊಂದು, ದತ್ತಾಂಶ ಹಂಚಿಕೆಯ ಒಪ್ಪಂದ ಮತ್ತೊಂದು. ತಿಳಿವಳಿಕೆ ಪತ್ರಕ್ಕೆ ಸಾಮಾನ್ಯವಾಗಿ ಕಾನೂನಿನ ಬಲ ಇರುವುದಿಲ್ಲ. ಎಲ್ಲವನ್ನೂ ಅದರಲ್ಲೇ ತುಂಬಿ ನೆಮ್ಮದಿಯಾಗಿ ಕೂರಬೇಡಿ.

ಕರ್ತೃತ್ವದ ಜಗಳವೇ ಹೆಚ್ಚು ಸಂಬಂಧ ಕೆಡಿಸುತ್ತದೆ. ದತ್ತಾಂಶ ಕೂಡಿಸಿದವರ ಹೆಸರು ಕೃತಜ್ಞತೆಯ ಸಾಲಿಗೆ, ವಿಶ್ಲೇಷಿಸಿದವರ ಹೆಸರು ಲೇಖನದ ನೆತ್ತಿಗೆ ಹೋಗುವ ಹಳೆಯ ಚಾಳಿ ಇನ್ನೂ ಇದೆ. ಲೇಖನಕ್ಕೆ ಯಾರು ಯಾವ ಕೆಲಸ ಮಾಡಿದರು ಎಂದು ಗುರುತಿಸುವ ಕ್ರೆಡಿಟ್ ಎಂಬ ವರ್ಗೀಕರಣದ 14 ಪಾತ್ರಗಳನ್ನು ಕೋಷ್ಟಕವಾಗಿ ಬರೆದು, ಯೋಜಿಸಿದ ಪ್ರತಿ ಲೇಖನದ ಎದುರು ಯಾರು ಯಾವ ಪಾತ್ರ ಎಂದು ಕೆಲಸ ಶುರುವಾಗುವ ಮೊದಲೇ ತುಂಬಿ. ಮೂರು ಲೇಖನಗಳಿದ್ದರೆ ಎರಡರಲ್ಲಾದರೂ ಮೊದಲ ಹೆಸರು ಆಫ್ರಿಕಾದ ಸಂಶೋಧಕರದ್ದಿರಲಿ, ಅದಕ್ಕೆ ಬೇಕಾದ ಬರವಣಿಗೆಯ ಸಮಯ ಬಜೆಟ್ಟಿನಲ್ಲಿರಲಿ. ಕಿರಿಯ ಸಂಶೋಧಕರಿಗೆ ವಿಶ್ಲೇಷಣೆಯ ಕೋಡ್ ಕೈಗೆ ಸಿಗಬೇಕು; ಕಡತ ಹೊರದೇಶಕ್ಕೆ ಹೋಗಿ ಕೋಷ್ಟಕವಾಗಿ ಮರಳುವುದರಿಂದ ಯಾರೂ ಏನೂ ಕಲಿಯುವುದಿಲ್ಲ.

ಉಳಿದವು ಚಿಕ್ಕವು. ನಿರ್ಧಾರಗಳು ವಾಟ್ಸ್‌ಆ್ಯಪ್‌ನಲ್ಲೇ ಆಗುತ್ತವೆ, ಅಲ್ಲೇ ಕಳೆದುಹೋಗುತ್ತವೆ. ವಾರಕ್ಕೊಮ್ಮೆ ಒಬ್ಬರು ಅವನ್ನು ದಿನಾಂಕದೊಂದಿಗೆ ಒಂದು ದಾಖಲೆಗೆ ಇಳಿಸಲಿ. ವಾರ್ಷಿಕ ಸಭೆ ಆಫ್ರಿಕಾದಲ್ಲೇ ನಡೆಯಲಿ. ಯುರೋಪಿನಲ್ಲಿ ಇಟ್ಟರೆ ಅರ್ಧ ಜನಕ್ಕೆ ವೀಸಾ ಸಿಗುವ ಹೊತ್ತಿಗೆ ಸಭೆಯೇ ಮುಗಿದಿರುತ್ತದೆ. ಆಫ್ರಿಕಾದ ಎಲ್ಲ ದೇಶದವರಿಗೂ ವೀಸಾ ಇಲ್ಲದೆ ಪ್ರವೇಶ ಕೊಡುವ ರುವಾಂಡಾದ ಕಿಗಾಲಿ ಈ ದೃಷ್ಟಿಯಿಂದ ಅನುಕೂಲ. ಮುಖ್ಯೋಪಾಧ್ಯಾಯರೂ ಜಿಲ್ಲಾಧಿಕಾರಿಗಳೂ ವರ್ಗವಾಗುತ್ತಲೇ ಇರುತ್ತಾರೆ. ಆದ್ದರಿಂದ ಪ್ರತಿ ಕಚೇರಿಯಲ್ಲೂ ಇಬ್ಬರನ್ನು ಪರಿಚಯ ಮಾಡಿಕೊಳ್ಳಿ, ಹೊಸಬರು ಬಂದ ಎರಡು ವಾರದೊಳಗೆ ಎರಡು ಪುಟದ ಸಾರಾಂಶದೊಂದಿಗೆ ಹೋಗಿ ಕಾಣಿ.

ಮುಗಿಸುವ ದಿನವನ್ನೂ ಮೊದಲೇ ಯೋಜಿಸಬೇಕು. ಲೇಖನ ಅಚ್ಚಾಗುವುದಕ್ಕೆ ಮೊದಲು ಪ್ರತಿ ಶಾಲೆಗೂ ಅದರ ಮಕ್ಕಳ ಸರಾಸರಿ ಫಲಿತಾಂಶದ ಒಂದು ಹಾಳೆ, ಬೋಧನೆಯ ಭಾಷೆಯಲ್ಲಿ, ತಲುಪಲಿ. ಹೋಲಿಕೆ ಗುಂಪಿನ ಶಾಲೆಗಳನ್ನು ಮರೆಯಬೇಡಿ, ಅವು ಏನೂ ಸಿಗದೆಯೂ ನಿಮಗೆ ಎರಡು ಸಲ ಬಾಗಿಲು ತೆರೆದಿವೆ. ಸಾಧನಗಳು ಯಾರ ಆಸ್ತಿ ಎಂಬ ಹಸ್ತಾಂತರ ಪತ್ರ ಶಾಲೆಯ ದಾಸ್ತಾನು ಪುಸ್ತಕಕ್ಕೆ ಏರಬೇಕು. ದೂರದಿಂದಲೇ ಟ್ಯಾಬ್ಲೆಟ್ ನಿಯಂತ್ರಿಸುವ ಸಾಫ್ಟ್‌ವೇರಿನ ಚಂದಾ ಯೋಜನೆಯೊಂದಿಗೇ ಮುಗಿಯುತ್ತದೆ, ಆ ಬೀಗ ಹಾಗೇ ಉಳಿದರೆ ನಲವತ್ತು ಟ್ಯಾಬ್ಲೆಟ್ಟುಗಳೂ ಮರುದಿನ ಬರೀ ಗಾಜಿನ ಹಲಗೆಗಳು. ಚಂದಾ ಮುಗಿಯುವ ಒಂದು ತಿಂಗಳು ಮೊದಲು ತಂತ್ರಜ್ಞರನ್ನು ಶಾಲೆಗೆ ಕಳಿಸಿ, ಬೀಗ ತೆಗೆಸಿ, ಮಕ್ಕಳ ದತ್ತಾಂಶ ಅಳಿಸಿ, ಪಾಸ್‌ವರ್ಡನ್ನು ಮುಖ್ಯೋಪಾಧ್ಯಾಯರ ಎದುರಿಗೇ ದಾಸ್ತಾನು ಪುಸ್ತಕದಲ್ಲಿ ಬರೆಸಿ ಬನ್ನಿ.